ನೀರಿಗಿಳಿಯದ ಸಾಕ್ಷಿ

ಗಬ್ಬೂರು
8 ಡಿಸೆಂಬರ್ 2024

ಕರುಣಾ,

ರಾಯಚೂರು ಜಿಲ್ಲೆಯಲ್ಲಿ ಹೆದರಿಕೆಯ ಮುಖವನ್ನೇ ನೋಡದ ಮನುಷ್ಯ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಕೃಷ್ಣಾ ನದಿ ಸೇತುವೆಗೆ ತಾಗಿ ಹರಿಯುವಾಗ ಈ ದಂಡೆಯಿಂದ ಆ ದಂಡೆಗೆ ಈಜಿ, ಅಲ್ಲಿ ಒಂದು ಚಹಾ ಕುಡಿದು, ಮತ್ತೆ ಈಜಿಕೊಂಡು ಬಂದವನು ನಾನು. ನಡುನೀರಿನಲ್ಲಿ ಮೊಸಳೆ ಎದುರಾಯಿತು. ನಾನು ಕರ್ತನ ಹೆಸರು ಹೇಳಿದೆ, ಅದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಭಾನುವಾರ ಚರ್ಚಿನಲ್ಲಿ ದೇವರು ಕಾಪಾಡಿದ್ದಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ನಾನು ಎದ್ದು ನಿಂತರೆ ಹಿಂದಿನ ಸಾಲಿನ ಹುಡುಗರು ನಿದ್ದೆಯಿಂದ ಏಳುತ್ತಾರೆ. ಅಂಥವನ ಅಕ್ಕನ ಮಗಳು, ನಾನೂ ನಿನ್ನ ಅತ್ತೆಯೂ ಎತ್ತಿ ಆಡಿಸಿ ಸಾಕಿದವಳು, ರಾಯಚೂರಿನ ಆಸ್ಪತ್ರೆಯಲ್ಲಿ ಒಂದು ಸೂಜಿಗೆ ಹೆದರಿ ಕುಳಿತಿದ್ದಾಳೆ ಎಂದರೆ ನಾನು ಗಿರಣಿಗೆ ಬರುವ ಜನರಿಗೆ ಏನು ಹೇಳಲಿ?

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಮಾತು ಶುರು ಮಾಡುವಷ್ಟರಲ್ಲಿ "ಮಾವ, ಡ್ಯೂಟಿ ಐತಿ" ಎಂದು ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರದ ಮೇಲೆ ಹಿಟ್ಟು ಬಿದ್ದಿದ್ದರೆ ಊದಿಕೊಂಡು ಓದು.

ನಿನ್ನ ಅತ್ತೆ ಯಮನಮ್ಮ ಎಲ್ಲ ಹೇಳಿದಳು. ಒಬ್ಬ ಮುದುಕಿಗೆ ಸಲೈನ್ ಹಚ್ಚುವಾಗ ನಿನಗೆ ನರ ಸಿಗಲಿಲ್ಲವಂತೆ. ಮತ್ತೆ ಮತ್ತೆ ಚುಚ್ಚಿದೆಯಂತೆ. ಅವಳ ಕೈ ಬಾತುಕೊಂಡಿತಂತೆ. ಅಂದಿನಿಂದ ಸೂಜಿ ಹಿಡಿದರೆ ನಿನ್ನ ಕೈ ನಡುಗುತ್ತದೆ, ಅದಕ್ಕೆ ವಾರ್ಡು ಬಿಟ್ಟು ಚೀಟಿ ಬರೆಯುವ ಮೇಜಿಗೆ ಹೋಗಿ ಕುಳಿತಿದ್ದೀ. ಚೀಟಿ ಬರೆಯುವುದಕ್ಕೆ ನರ್ಸಿಂಗ್ ಓದಬೇಕಿತ್ತೇ? ನಾನೇ ಬರೆಯುತ್ತಿದ್ದೆನಲ್ಲ! ಪೇತ್ರನನ್ನು ನೆನೆಸಿಕೋ. ಯೇಸು ಬಾ ಎಂದ ಕೂಡಲೇ ದೋಣಿಯಿಂದ ಇಳಿದು ನೀರಿನ ಮೇಲೆ ಕಾಲಿಟ್ಟ. ಯೋಚನೆ ಮಾಡುತ್ತ ಕುಳಿತಿದ್ದರೆ ಇಳಿಯುತ್ತಿದ್ದನೇ?

ಇನ್ನೊಂದು ಸುದ್ದಿ. ನಿನ್ನ ಅತ್ತೆ ಕೊನೆಗೂ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾಳೆ. ನನ್ನ ಕೈಹಿಡಿದು ಬಂದ ದಿನದಿಂದ ಚರ್ಚಿನ ಹಿಂದಿನ ಚಾಪೆಯ ಮೇಲೆ ಕುಳಿತು, "ನನ್ನ ಮನಸ ಒಪ್ಪಿದ ದಿನ ನಾನೇ ಹೇಳ್ತೀನಿ, ಯಾರೂ ಎಬ್ಬಿಸಬ್ಯಾಡ್ರಿ" ಎನ್ನುತ್ತಿದ್ದವಳು ಹೋದ ವಾರ ತಾನೇ ಎದ್ದು ಹೇಳಿದಳು. ಜನವರಿ 19, ಭಾನುವಾರ, ದೇವದುರ್ಗದ ಆಚೆ ಕೃಷ್ಣಾ ನದಿಯಲ್ಲಿ. ನಮ್ಮ ಪಾಸ್ಟರ್ ಕಿರಣಕುಮಾರ ಇನ್ನೂ ಹುಡುಗ, ಬಹಳ ತಿಳಿವಳಿಕೆ. ನನ್ನ ಕೈ ಹಿಡಿದು, "ಮುಳುಗಿ ಏಳೋರ ಬೆನ್ನಿಗೆ ಆಳದ ಕಡಿ ಒಬ್ಬ ಗಟ್ಟಿ ಈಜುಗಾರ ನಿಂದರಬೇಕ್ರಿ. ನಿಮ್ಮನ್ನ ಬಿಟ್ರ ನಮ್ಮ ಸಭಿಯೊಳಗ ಯಾರದಾರ?" ಎಂದರು. ನಾನು ಒಪ್ಪಿದೆ. ಒಪ್ಪದೆ ಏನು?

ಧೈರ್ಯವಾಗಿರು.

ನಿನ್ನ ಮಾವ,
ಆಶೀರ್ವಾದಪ್ಪ


ರಾಯಚೂರು
20 ಡಿಸೆಂಬರ್ 2024

ಮಾವ,

ನಿಮ್ಮ ಕಾಗದವನ್ನು ಊದಿ ಊದಿ ಓದಿದೆ. ಓದಿ ಮುಗಿಸಿ ಹಣೆ ಚಚ್ಚಿಕೊಂಡೆ.

ನೀವು ನದಿಯಲ್ಲಿ ನಿಲ್ಲುತ್ತೀರಾ? ಅದೂ ಆಳದ ಕಡೆ? ಸಿರವಾರದ ಹತ್ತಿರ ಕಾಲುವೆ ದಾಟುವಾಗ ಆ ಕಿರುಸೇತುವೆಯ ಮೇಲೆ ನೀವು ಕಣ್ಣು ಮುಚ್ಚಿ ನನ್ನ ಹೆಗಲು ಹಿಡಿದುಕೊಳ್ಳುತ್ತಿದ್ದಿರಿ. ನಾನಾಗ ಎರಡನೇ ಇಯತ್ತೆ. "ಮುಗೀತೇನವ್ವಾ? ಮುಗೀತೇನು?" ಎಂದು ಕೇಳುತ್ತಿದ್ದಿರಿ. ಮುಗಿಯದಿದ್ದರೂ ನಾನು ಮುಗಿಯಿತು ಎನ್ನುತ್ತಿದ್ದೆ, ನೀವು ಕಣ್ಣು ತೆರೆದು ಕೂಗುತ್ತಿದ್ದಿರಿ. ನನಗೆ ಅದು ಆಟ. ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. ಚರ್ಚಿನಲ್ಲಿ ನಿಮ್ಮ ಮೊಸಳೆ ಈಜಿ ಬರುವಾಗಲೆಲ್ಲ ನಾನು ಬೇರೆ ಕಡೆ ನೋಡಿದ್ದೇನೆ.

ಈಗ ವಿಷಯ ನಗುವುದಲ್ಲ. ನಿನ್ನೆ ಅತ್ತೆ ಫೋನು ಮಾಡಿದ್ದಳು. ಬಿಳಿ ಸೀರೆ ತಂದಿದ್ದಾಳಂತೆ. "ನನಗೂ ನೀರಂದ್ರ ಎದಿ ಡವಡವ ಅಂತದವ್ವಾ. ಆದ್ರ ನಿಮ್ಮ ಮಾವ ಬಾಜೂಕ ಇರ್ತಾರಲ್ಲ, ಅವರ ಕೈ ಹಿಡಕೊಂಡು ಇಳಿತೀನಿ" ಎಂದಳು. ಆ ಕೈ ನಿಮ್ಮದು, ಮಾವ. ಪಾಸ್ಟರ್‌ಗೆ ನಿಜ ಹೇಳಿಬಿಡಿ. ಈಜು ಬರುವವರು ಬೇರೆ ಯಾರಾದರೂ ಬೆನ್ನಿಗೆ ನಿಲ್ಲಲಿ. ನೀವು ಮೊಣಕಾಲುಮಟ್ಟದ ನೀರಿನಲ್ಲಾದರೂ ಅತ್ತೆಯ ಕೈ ಹಿಡಿದು ನಿಂತರೆ ಸಾಕು.

ಪೇತ್ರನ ವಿಷಯ ನನಗೆ ಬರೆದಿದ್ದೀರಿ. ಪೇತ್ರ ದೋಣಿಯಿಂದ ಇಳಿದ. ನೀವು ಇನ್ನೂ ದೋಣಿ ಹತ್ತಿಲ್ಲ.

ನನ್ನ ಕೈ ಹಾಗೇ ಇದೆ. ಬರೆಯಲು ಏನೂ ಇಲ್ಲ.

ನಿಮ್ಮ,
ಕರುಣಾ


ಗಬ್ಬೂರು
2 ಜನವರಿ 2025

ಕರುಣಾ,

ಹೊಸ ವರ್ಷದ ಶುಭಾಶಯ ಬರೆಯೋಣವೆಂದರೆ ನೀನು ಬರೆದದ್ದನ್ನು ಓದಿ ಶುಭವೆಲ್ಲ ಹಾರಿಹೋಯಿತು. ಎರಡನೇ ಇಯತ್ತೆಯ ಹುಡುಗಿಯ ನೆನಪನ್ನು ಯಾವ ಕೋರ್ಟಿನಲ್ಲೂ ನಂಬುವುದಿಲ್ಲ. ನಾನು ಕಣ್ಣು ಮುಚ್ಚುತ್ತಿದ್ದುದು ಪ್ರಾರ್ಥನೆಗೆ.

ಪಾಸ್ಟರ್‌ಗೆ ಹೇಳಬೇಕಂತೆ! ಹೇಗೆ ಹೇಳಲಿ? ಆ ಹುಡುಗ ಈ ಊರಿಗೆ ಬಂದ ಮೊದಲ ಭಾನುವಾರವೇ ನನ್ನ ಸಾಕ್ಷಿ ಕೇಳಿ ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಮೊಸಳೆಯ ಮೇಲೆ ಒಂದು ಉಪದೇಶ ಮಾಡಿದ. ದೇವದುರ್ಗದ ಸಭೆಗೆ ಹೋದಾಗ ಅಲ್ಲಿಯೂ ಮಾಡಿದನಂತೆ. ಮಾನ್ವಿಯಲ್ಲಿ ಯುವಕರ ಕೂಟದಲ್ಲೂ ಮಾಡಿದನಂತೆ. ಮೊಸಳೆ ನನ್ನ ಕೈ ಮೀರಿ ಹೋಗಿದೆ, ಕರುಣಾ. ಈಗ ಅದನ್ನು ಎಲ್ಲಿಂದ ಹಿಡಿದು ತರಲಿ?

ಆದರೂ ನಾನು ತಯಾರಿ ಮಾಡುತ್ತಿಲ್ಲ ಎಂದು ತಿಳಿಯಬೇಡ. ಹಿತ್ತಲ ತೊಟ್ಟಿಯಲ್ಲಿ ನೀರು ತುಂಬಿಸಿ ಕಾಲಿಟ್ಟು ಕುಳಿತಿದ್ದೆ. ನಿನ್ನ ಅತ್ತೆ ಬಂದು ನೋಡಿದಳು.

"ಏನ್ ಮಾಡಾಕತ್ತೀರಿ?"

"ಕಾಲು ನೋಯ್ತದ."

"ಎರಡೂನೂ?"

"ಎರಡೂ."

ಅವಳು ಒಳಗೆ ಹೋಗಿ ಬಿಳಿ ಸೀರೆಗೆ ಫಾಲ್ ಹಚ್ಚಲು ಕುಳಿತಳು. ಸೂಜಿಯಲ್ಲಿ ದಾರ ಪೋಣಿಸಲು ನನ್ನನ್ನೇ ಕರೆದಳು. ಪೋಣಿಸಿಕೊಟ್ಟೆ. "ಅವತ್ತು ನನ್ನ ಕೈ ಗಟ್ಟಿ ಹಿಡೀರಿ. ಮುಳುಗಿದಾಗ ಬಿಡಬ್ಯಾಡ್ರಿ" ಎಂದಳು. ನಾನು "ಹೂಂ" ಎಂದೆ. ಎಷ್ಟು ಸಲೀಸಾಗಿ ಬರುತ್ತದೆ ನೋಡು ಆ "ಹೂಂ".

ನೀನು ನಿನ್ನ ಸೂಜಿಯ ಕಡೆ ಗಮನ ಕೊಡು. ನನ್ನ ನದಿಯನ್ನು ನಾನು ನೋಡಿಕೊಳ್ಳುತ್ತೇನೆ.

ಮಾವ,
ಆಶೀರ್ವಾದಪ್ಪ


ಮಾನ್ವಿ
19 ಜನವರಿ 2025

ಕರುಣಾ,

ಮೇಲೆ ಮಾನ್ವಿ ಎಂದು ಬರೆದಿರುವುದನ್ನು ನೋಡಿ ಗಾಬರಿಯಾಗಬೇಡ. ನಿನ್ನೆ ಸಂಜೆ ಗಿರಣಿಯ ಬೆಲ್ಟು ಹರಿಯಿತು. ಊರಿನ ಜೋಳವೆಲ್ಲ ಬೀಸುವುದು ನಿಂತರೆ ಜನ ರೊಟ್ಟಿಗೆ ಏನು ಮಾಡಬೇಕು? ಅಂಥ ಬೆಲ್ಟು ಮಾನ್ವಿಯ ಅಲ್ಲಾಬಕ್ಷ್‌ನ ಅಂಗಡಿ ಬಿಟ್ಟರೆ ಎಲ್ಲಿಯೂ ಸಿಗುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂಬುದು ಲಕ್ಷ್ಯಕ್ಕೆ ಬರಲಿಲ್ಲ. ಫೋನೂ ಮನೆಯಲ್ಲೇ ಉಳಿಯಿತು.

ಅಲ್ಲಾಬಕ್ಷ್ ಹಳೆಯ ದೋಸ್ತ. ಬಿಡಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಬಿರಿಯಾನಿ ಹಾಕಿಸಿದ. "ಕ್ಯಾ ಭಾಯ್, ಎರಡನೇ ಸಲ ಹಾಕಸ್ಕೊಳ್ಳಲಿಲ್ಲ, ಆರಾಮ ಅದಿಯಿಲ್ಲ?" ಎಂದು ಕೇಳಿದ. ಆರಾಮಾಗಿದ್ದೇನೆ ಎಂದೆ.

ಈಗ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೇನೆ. ಗಬ್ಬೂರಿನ ಕಡೆಗೆ ಹೋಗುವ ಬಸ್ಸು ಒಂದು ಹೋಯಿತು. ಬಹಳ ತುಂಬಿತ್ತು. ಇನ್ನೊಂದು ಹೋಯಿತು. ಅದು ಅಷ್ಟು ತುಂಬಿರಲಿಲ್ಲ.

ನೀನು ರಜೆ ಹಾಕಿ ನದಿಗೆ ಹೋಗಿದ್ದೀ ಎಂದು ಗೊತ್ತು. ಅತ್ತೆ ಏನಾದರೂ ಅಂದಳೇ?

ಮಾವ


ರಾಯಚೂರು
28 ಜನವರಿ 2025

ಮಾವ,

ಹೋಗಿದ್ದೆ. ಅತ್ತೆ ಏನೂ ಅನ್ನಲಿಲ್ಲ. ನಾನು ಅನ್ನುತ್ತೇನೆ.

ಟಂಟಂ ಆಟೋ ಮಾಡಿಕೊಂಡು ಎಲ್ಲರೂ ನದಿಗೆ ಹೋದೆವು. ಅತ್ತೆ ಬಿಳಿ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಇಳಿದು ಮುಳುಗಿ ಎದ್ದರು. ಪ್ರತಿಯೊಬ್ಬರೂ ಎದ್ದಾಗ ಹಾಡು ಹೇಳುತ್ತಿದ್ದೆವು. ಸೇತುವೆಯ ಮೇಲೆ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅತ್ತೆ ತಿರುಗಿ ನೋಡುತ್ತಿದ್ದಳು. "ಬರ್ತಾರ. ಬೆಲ್ಟ್ ತಗೊಂಡು ಸೀದಾ ಇಲ್ಲಿಗೇ ಬರ್ತಾರ" ಎಂದು ನನಗೆ ಹೇಳಿದಳು. ಪಾಸ್ಟರ್‌ಗೂ ಹೇಳಿದಳು. ಅಲ್ಲಿ ಹರಗೋಲು ನಡೆಸುವ ಆದೆಪ್ಪ, "ಯಾರ ದಾರಿ ಕಾಯಾಕತ್ತೀರಿ ಯವ್ವಾ?" ಎಂದು ಕೇಳಿದರೆ ಅವನಿಗೂ ಹೇಳಿದಳು.

ಪಾಸ್ಟರ್ ನೀರಿನಲ್ಲಿ ನಡುಗುತ್ತ ಕಾದರು. ಕೊನೆಗೆ ಅತ್ತೆಯೇ, "ಬ್ಯಾಡ ಅಯ್ಯನೋರೇ. ನೀವು ಮ್ಯಾಲ ಬರ್ರಿ, ನೆಗಡಿ ಆದೀತು. ನಾ ಒಬ್ಬಾಕಿ ಇಳಿಯಂಗಿಲ್ಲ" ಎಂದಳು. ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಟಂಟಂನಲ್ಲಿ ಅದನ್ನು ಹಿಂಡಿಕೊಂಡಳು, ದಾರಿಯುದ್ದಕ್ಕೂ ಉಳಿದ ಹೆಂಗಸರ ಜೊತೆ ಹಾಡಿದಳು.

ಇನ್ನೊಂದು ಮಾತು. ಸೋಮವಾರ ಅತ್ತೆ ಗಿರಣಿ ಹಚ್ಚಿ ಜೋಳ ಬೀಸಿಕೊಂಡಳಂತೆ. ಅದೇ ಹಳೆಯ ಬೆಲ್ಟಿನಲ್ಲಿ. ಹರಿದ ಬೆಲ್ಟು ಅದು ಹೇಗೆ ತಿರುಗಿತು, ಮಾವ?

ನನಗೆ ಇನ್ನು ಮೇಲೆ ಧೈರ್ಯದ ಮಾತು ಬರೆಯಬೇಡಿ. ನಿಮ್ಮ ಮೇಲಿನ ಸಿಟ್ಟಿಗೆ ಇವತ್ತು ಹೋಗಿ ಮತ್ತೆ ವಾರ್ಡಿಗೆ ಹಾಕಿ ಎಂದು ಕೇಳಿಬಂದೆ. ಇನ್ನೊಬ್ಬರನ್ನು ದಂಡೆಯ ಮೇಲೆ ನಿಲ್ಲಿಸಿ ಓಡಿಹೋಗುವುದು ನೋಡಲು ಹೇಗೆ ಕಾಣುತ್ತದೆ ಎಂಬುದನ್ನು ಕಣ್ಣಾರೆ ಕಂಡೆ.

ಕರುಣಾ


ಗಬ್ಬೂರು
9 ಮಾರ್ಚ್ 2025

ಕರುಣಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಬಹಳ ಸಲ ಕುಳಿತೆ. ಬರೆದು ಬರೆದು ಹರಿದೆ. ಬೆಲ್ಟಿನ ವಿಷಯಕ್ಕೆ ಮೂರು ಥರದ ಉತ್ತರ ಸಿಕ್ಕವು, ಮೂರೂ ಚೆನ್ನಾಗಿದ್ದವು. ಆದರೂ ಹರಿದೆ.

ನಿನ್ನ ಅತ್ತೆ ಬೈದಿದ್ದರೆ ನನಗೆ ಸುಖವಿತ್ತು. ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಚಮಚ ಶೇಂಗಾ ಹಿಂಡಿ ಚಟ್ನಿ. ಸಾಕೇ ಎಂದು ಕೇಳುತ್ತಾಳೆ. ಇಷ್ಟು ಚೆನ್ನಾಗಿ ನೋಡಿಕೊಂಡರೆ ಮನುಷ್ಯ ಬದುಕುವುದು ಹೇಗೆ? ಬಿಳಿ ಸೀರೆ ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಟ್ರಂಕು ನಾನು ಮಲಗುವ ಮಂಚದ ಕೆಳಗೇ ಇದೆ.

ಮೊನ್ನೆ ತಡೆಯಲಾಗಲಿಲ್ಲ. ನಾನೇ ಕೇಳಿದೆ.

"ಏನರ ಅನ್ನು ಮಾರಾಯ್ತಿ. ಬಯ್ಯಿ. ತಾಟು ಒಗಿ."

"ಯಾಕ ಬಯ್ಯಲಿ?"

"ನನಗ ನೀರಂದ್ರ..." ಎಂದು ನಿಲ್ಲಿಸಿದೆ.

ಅವಳು ಹಿಟ್ಟು ನಾದುವುದನ್ನು ಬಿಡಲಿಲ್ಲ. "ನನಗ ಗೊತ್ತಿಲ್ಲೇನು? ಲಗ್ನ ಆದಾಗಿಂದ ನೋಡಾಕತ್ತೀನಿ, ಬಾವಿಗೆ ಒಮ್ಮೆರ ಬಗ್ಗಿ ನೋಡೀರೇನು? ಕೊಡ ಸೇದಾಕ ಬಂದ್ರ ಹಗ್ಗ ನನ್ನ ಕೈಯಾಗ ಕೊಟ್ಟು ಆಕಾಶ ನೋಡ್ತಿದ್ರಿ."

"ಮತ್ತ ಚರ್ಚಿನ್ಯಾಗ ಸುಮ್ನ ಕೂತಿದ್ದೆಲ್ಲ!"

"ನಿಮ್ಮ ಮೊಸಳಿ ಬಂದಾಗೆಲ್ಲ ತಲಿ ತಗ್ಗಿಸ್ತಿದ್ದೆ. ಮಂದಿ ಪ್ರಾರ್ಥನಿ ಮಾಡಾಕತ್ತಾಳ ಅಂತ ತಿಳ್ಕೊಂತಿದ್ರು. ನಾಚಿಕಿ ಬರ್ತಿತ್ತು ನನಗ."

ಆಮೇಲೆ ರೊಟ್ಟಿ ಬಡಿಯುತ್ತ ಬಡಿಯುತ್ತ ಹೇಳಿದಳು: "ಈಜೋ ಗಂಡ ಬೇಕು ಅಂದಿದ್ನೇನು ನಾ? ಹೆದರಿಕಿ ನನಗೂ ಅದ, ನಿಮಗೂ ಅದ. ಇಬ್ರೂ ಕೂಡಿ ಹೆದರೋಣ ಅಂತ ಕರದ್ರ ಮಾನ್ವಿಗೆ ಹೋಗಿ ಬಿರಿಯಾನಿ ಉಂಡು ಬಂದ್ರಿ."

ಬಿರಿಯಾನಿಯ ವಿಷಯ ಅವಳಿಗೆ ಯಾರು ಹೇಳಿದರು, ಕರುಣಾ? ನೀನೇ ಹೇಳಿರಬೇಕು. ನಿನ್ನಂಥ ಚಾಡಿಕೋರಿಯನ್ನು ನಾನು ನೋಡಿಲ್ಲ.

ಪಾಸ್ಟರ್ ಈಸ್ಟರ್ ದಿನ ಬೆಳಿಗ್ಗೆ ಮತ್ತೆ ನದಿಗೆ ಹೋಗೋಣ ಎಂದಿದ್ದಾರೆ. ಅವಳು ಹೂಂ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಈ ಸಲವೂ ಅವಳು ಒಣ ಸೀರೆಯಲ್ಲಿ ತಿರುಗಿ ಬಂದರೆ ಇನ್ನೆಂದೂ ನದಿಯ ಹೆಸರು ಎತ್ತುವುದಿಲ್ಲ. ಅವಳ ಸ್ವಭಾವ ನನಗೆ ಗೊತ್ತು.

ಒಂದು ಕೇಳಬೇಕಾಗಿದೆ. ನೀನು ವಾರ್ಡಿಗೆ ಹೋದೆಯಲ್ಲ, ಕೈ ನಡುಗುವಾಗ ಏನು ಮಾಡುತ್ತೀ? ಪೇತ್ರ, ದಾನಿಯೇಲ ಎಂದೆಲ್ಲ ಬರೆಯಬೇಡ, ಅವರನ್ನೆಲ್ಲ ನಾನೇ ಹೇಳಿಕೊಳ್ಳುತ್ತೇನೆ. ನಿಜವಾಗಿ ಏನು ಮಾಡುತ್ತೀ, ಅದನ್ನು ಬರೆ.

ಆಶೀರ್ವಾದಪ್ಪ


ರಾಯಚೂರು
25 ಮಾರ್ಚ್ 2025

ಮಾವ,

ಬಿರಿಯಾನಿಯ ವಿಷಯ ನಾನೇ ಹೇಳಿದ್ದು. ಇನ್ನೊಮ್ಮೆ ಬೇಕಾದರೂ ಹೇಳುತ್ತೇನೆ.

ಕೈ ಈಗಲೂ ನಡುಗುತ್ತದೆ. ಮೊದಲ ದಿನ ಟ್ರೇ ಹಿಡಿದರೆ ಅದರಲ್ಲಿದ್ದ ಬಾಟಲಿಗಳೆಲ್ಲ ಗಲಗಲ ಎನ್ನುತ್ತಿದ್ದವು. ನಮ್ಮ ಹಿರಿಯ ಸಿಸ್ಟರ್ ಬಡೇಬೀ ಎಂದು ಇದ್ದಾರೆ, ಬಾಯಿ ಬಹಳ ಜೋರು. "ಏ ಹುಡುಗಿ, ಮೊದಲನೇ ವರ್ಷ ನಾನೂ ಬಾತ್‌ರೂಮಿನಾಗ ಹೋಗಿ ಅಳ್ತಿದ್ದೆ. ಈಗ ನೋಡು, ಪೇಷಂಟ್ ಅಳ್ತಾರ. ಮುಚ್ಚಿಡಬ್ಯಾಡ, ಹೇಳಿಬಿಡು" ಎಂದರು.

ಹಾಗೇ ಮಾಡಿದೆ. ಮಟಮಾರಿಯಿಂದ ಬಂದ ಒಬ್ಬ ಅಜ್ಜಿಯ ಪಕ್ಕ ಕುಳಿತು, "ಯವ್ವಾ, ನನ್ನ ಕೈ ನಡುಗ್ತದ. ಒಂದೀಟು ತಡೀರಿ, ಪ್ರಾರ್ಥನಿ ಮಾಡ್ಕೊಂತೀನಿ" ಎಂದೆ. ಅಜ್ಜಿ, "ನಡುಗಲಿ ಬಿಡವ್ವ, ನನ್ನ ಕೈನೂ ನಡುಗ್ತದ. ಮಾಡ್ಕೋ, ನಾನೂ ನಮ್ಮ ದೇವ್ರು ಸೂಗೂರೇಶನ್ನ ನೆನಸ್ತೀನಿ. ಯಾರರ ಒಬ್ರು ಬರ್ತಾರ" ಎಂದರು. ನಗು ಬಂತು. ನಗುತ್ತಿರುವಾಗಲೇ ನರ ಸಿಕ್ಕಿತು.

ಇಷ್ಟೇ ಮಾವ. ಹೆದರಿಕೆ ಹೋಗಲಿ ಎಂದು ಕಾದಿದ್ದರೆ ನಾನಿನ್ನೂ ಚೀಟಿ ಬರೆಯುತ್ತಿದ್ದೆ. ಹೆದರಿಕೆ ಇದೆ ಎಂದು ಬಾಯಿಬಿಟ್ಟು ಹೇಳುತ್ತೇನೆ, ಕರ್ತನಿಗೂ ಹೇಳುತ್ತೇನೆ, ಆಮೇಲೆ ಕೈ ಚಾಚುತ್ತೇನೆ. ನೀವೂ ಹೇಳಿ. ಮೊದಲು ಪಾಸ್ಟರ್‌ಗೆ.

ಈಸ್ಟರಿಗೆ ನನಗೆ ರಜೆ ಸಿಗುವುದಿಲ್ಲ. ಹಾಗಾಗಿ ನಿಮ್ಮನ್ನು ಹಿಡಿದು ನಿಲ್ಲಿಸಲು ನಾನಿರುವುದಿಲ್ಲ.

ಕರುಣಾ


ಗಬ್ಬೂರು
22 ಏಪ್ರಿಲ್ 2025

ಮಗಳೇ ಕರುಣಾ,

ನೀನು ಹೇಳಿದಂತೆ ಪಾಸ್ಟರ್‌ಗೆ ಒಬ್ಬರಿಗೇ ಹೇಳಬೇಕೆಂದು ಹೋದೆ. ಅವರು ಸಿಗಲಿಲ್ಲ. ಸಿಕ್ಕಿದ್ದು ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರದ ಆರಾಧನೆಯಲ್ಲಿ, ಅದೂ ಸಾಕ್ಷಿ ಹೇಳುವ ಹೊತ್ತಿನಲ್ಲಿ, ಇಡೀ ಸಭೆಯ ಎದುರು. ಎದ್ದು ನಿಂತೆ. ಹುಡುಗರು ಎಚ್ಚರಾದರು. ನಾನು ಹೇಳಿದೆ: "ಕೃಷ್ಣಾ ನದಿ ತುಂಬಿದ್ದು ಖರೇ. ಮೊಸಳಿ ಇದ್ದದ್ದೂ ಖರೇ. ಆದ್ರ ನಾ ಬಸ್ಸಿನ್ಯಾಗ ಇದ್ದೆ."

ಹಿಂದಿನ ಚಾಪೆಯಲ್ಲಿ ನಿನ್ನ ಅತ್ತೆ ಕಿಸಕ್ಕನೆ ನಕ್ಕಳು, ಅಲ್ಲಿಂದ ಮುಂದೆ ಹಿಡಿಯುವವರಿಲ್ಲ. ಪಾಸ್ಟರ್ ಮಾತ್ರ ನಗಲಿಲ್ಲ. ತಲೆಯ ಮೇಲೆ ಕೈ ಹೊತ್ತು, "ಆ ಮೊಸಳಿ ಮ್ಯಾಲ ಎಷ್ಟು ಉಪದೇಶ ಮಾಡೀನಲ್ರೀ! ಈಗ ದೇವದುರ್ಗದಾಗ ಏನ್ ಹೇಳಲಿ, ಮಾನ್ವಿಯಾಗ ಏನ್ ಹೇಳಲಿ?" ಎಂದರು. ಪಾಪ, ಇನ್ನೂ ಹುಡುಗ. ಆರಾಧನೆ ಮುಗಿದ ಮೇಲೆ ನನ್ನ ಪಕ್ಕ ಬಂದು ಕುಳಿತು, ತನಗೆ ಇಂದಿಗೂ ಕತ್ತಲೆಯೆಂದರೆ ಹೆದರಿಕೆ ಎಂದು ಹೇಳಿದರು. ಇದನ್ನು ನೀನು ಯಾರಿಗೂ ಹೇಳಬೇಡ. ನಾನು ಇಲ್ಲಿಯವರೆಗೆ ನಾಲ್ಕೈದು ಜನರಿಗೆ ಮಾತ್ರ ಹೇಳಿದ್ದೇನೆ.

ಈಸ್ಟರ್ ಬೆಳಿಗ್ಗೆ ನಿನ್ನ ಅತ್ತೆ ಟ್ರಂಕು ತೆಗೆದಳು. ಬಿಳಿ ಸೀರೆ ಉಟ್ಟಳು. ನಾನೂ ಹೊಸ ಅಂಗಿ ಹಾಕಿಕೊಂಡು ಟಂಟಂ ಹತ್ತಿದೆ.

ಬೇಸಿಗೆಯಾದ್ದರಿಂದ ನದಿ ಇಳಿದಿತ್ತು. ಎಲ್ಲರೂ ಎದೆಮಟ್ಟ, ಎದೆಮಟ್ಟ ಎನ್ನುತ್ತಿದ್ದರು. ಎದೆ ಎಂದರೆ ಯಾರ ಎದೆ? ಆದೆಪ್ಪನಿಗೆ ಸುದ್ದಿ ಮುಟ್ಟಿತ್ತು. ಹರಗೋಲಿನಿಂದಲೇ, "ಬಾರೋ ಗಿರಣಿ ಆಶೀರ್ವಾದಪ್ಪಾ! ಮೊಸಳಿ ರಜಾ ಮ್ಯಾಲ ಹೋಗ್ಯಾದ, ಬಾ!" ಎಂದು ಕೂಗಿದ. ಯಮನಮ್ಮ ಕೈ ಚಾಚಿದಳು. ಹಿಡಿದೆ. ಪಾದಕ್ಕೆ ನೀರು ತಾಗಿದಾಗ ತಡೆದುಕೊಂಡೆ. ಮೊಣಕಾಲಿಗೆ ಬಂದಾಗ ಕೆಳಗಿನ ಕೆಸರು ಜಾರಿತು, ನನ್ನ ಜೀವವೂ ಅದರ ಜೊತೆ ಜಾರಿತು. ಆಗ ನಿನ್ನ ಬಡೇಬೀ ಸಿಸ್ಟರ್ ನೆನಪಾದರು. ಗಿರಣಿಯಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲು ನನ್ನದು. "ಕರ್ತನೇ, ನನಗ ಭಾಳ ಹೆದರಿಕಿ ಆಗ್ಯಾದ!" ಎಂದು ಒದರಿದೆ. ದಂಡೆಯ ಮೇಲಿದ್ದ ಹೆಂಗಸರೆಲ್ಲ ಪ್ರಾರ್ಥನೆ ಎಂದು ತಿಳಿದು "ಆಮೆನ್" ಎಂದರು. ಪ್ರಾರ್ಥನೆಯೇ ಅದು. ಅಷ್ಟು ಖರೆ ಪ್ರಾರ್ಥನೆಯನ್ನು ನಾನು ಹುಟ್ಟಿದಂದಿನಿಂದ ಮಾಡಿರಲಿಲ್ಲ.

"ಕಣ್ಣು ಮುಚ್ಕೋರಿ, ನಾ ಕರ್ಕೊಂಡು ಹೋಗ್ತೀನಿ" ಎಂದಳು ನಿನ್ನ ಅತ್ತೆ.

"ಬ್ಯಾಡ. ನೋಡ್ತೀನಿ."

ನೋಡಿದೆ. ಅವಳ ತುಟಿಯೂ ನಡುಗುತ್ತಿತ್ತು. ಪಾಸ್ಟರ್ ಅವಳ ಬೆನ್ನಿಗೆ ಕೈ ಕೊಟ್ಟು ದೇವರ ಹೆಸರು ಹೇಳಿ ಹಿಂದಕ್ಕೆ ಬಾಗಿಸಿದರು. ಮುಳುಗಿದಾಗ ಬಿಡಬೇಡಿ ಎಂದಿದ್ದಳಲ್ಲ, ನಾನು ಬಿಡಲಿಲ್ಲ. ಬಿಡದೇ ಇದ್ದದ್ದಕ್ಕೆ ಅವಳ ಹಿಂದೆ ನಾನೂ ಹೋದೆ. ಅಯ್ಯನವರು ಮುಳುಗಿಸಿದ್ದು ಒಬ್ಬಳನ್ನು, ಮುಳುಗಿದವರು ಇಬ್ಬರು. ಮೂಗು, ಬಾಯಿ, ಕಿವಿ ಎಲ್ಲದರಲ್ಲೂ ಕೃಷ್ಣೆ. ಎದ್ದು ಕೆಮ್ಮುತ್ತ ನೋಡುತ್ತೇನೆ, ಅವಳು ನೀರು ಸುರಿಯುವ ಮುಖವನ್ನು ಮೇಲೆತ್ತಿ ನಗುತ್ತಿದ್ದಾಳೆ. ಸೀರೆ ತಲೆಯಿಂದ ಕಾಲಿನವರೆಗೆ ತೊಯ್ದಿದೆ. ಕೈ ಮಾತ್ರ ನನ್ನ ಕೈಯಲ್ಲೇ ಇದೆ. ಆ ಮುಖದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ, ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು.

ಅತ್ತೆ ನಿನಗೆ ಹೇಳಲು ಹೇಳಿದ್ದಾಳೆ: ಮುಂದಿನ ಸಲ ಬಂದಾಗ ಅವಳ ಮಂಡಿನೋವಿಗೆ ಕೊಡಬೇಕಾದ ಇಂಜೆಕ್ಷನ್ ನೀನೇ ಕೊಡಬೇಕಂತೆ. ಕೈ ನಡುಗಿದರೂ ಚಿಂತೆಯಿಲ್ಲವಂತೆ.

ನಿನ್ನ ಮಾವ,
ಆಶೀರ್ವಾದಪ್ಪ

ತಾ.ಕ.: ಒಂದು ಉಳಿಯಿತು. ನೀರಿನಲ್ಲಿ ಬಿದ್ದಾಗ ಅಂಗಿಯ ಜೇಬಿನಲ್ಲಿದ್ದ ದುಡ್ಡು ತೇಲಿಹೋಯಿತು. ದಂಡೆಗೆ ಬಂದ ಮೇಲೆ ಎಲ್ಲರೂ ನನ್ನ ಕೂಗಾಟವನ್ನೇ ಆಡಿಕೊಂಡು ನಗುತ್ತಿದ್ದರು. ಆಗ ಆದೆಪ್ಪ ಎಷ್ಟು ಹೋಯಿತು ಎಂದು ಕೇಳಿದ. ಎಂಟು ಸಾವಿರ ಎಂದುಬಿಟ್ಟೆ. ಕಿವಿಯಲ್ಲಿ ಇನ್ನೂ ನೀರಿತ್ತು, ಏನು ಹೇಳುತ್ತಿದ್ದೇನೆಂದು ಸರಿಯಾಗಿ ಕೇಳಿಸಲಿಲ್ಲ. ಈಗ ಆ ಪಾಸ್ಟರ್ ಬರುವ ಭಾನುವಾರ ನನ್ನ ಸಲುವಾಗಿ ಕಾಣಿಕೆಯ ಚೀಲ ತಿರುಗಿಸುತ್ತಾರಂತೆ! ಕೂಲಿ ಮಾಡುವ ಹೆಂಗಸರು ಈಗಲೇ ಸೆರಗಿನಲ್ಲಿ ಗಂಟು ಕಟ್ಟುತ್ತಿದ್ದಾರೆ. ಈ ಮನುಷ್ಯನಿಗೆ ಸುಮ್ಮನೆ ಇರಲು ಬರುವುದಿಲ್ಲವೇ? ನಿನ್ನ ಅತ್ತೆ ಎರಡು ದಿನದಿಂದ ಮತ್ತೆ ರೊಟ್ಟಿಗೆ ಜಾಸ್ತಿ ಶೇಂಗಾ ಹಿಂಡಿ ಹಾಕುತ್ತಿದ್ದಾಳೆ. ಇವತ್ತು ಸಂಜೆ ಪಾಸ್ಟರ್ ಮನೆಗೆ ಹೋಗಿ ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನೆದುರು ಹೇಳಿ ಬಾಯಿ ರೂಢಿ ಮಾಡಿಕೊಳ್ಳುತ್ತೇನೆ. ಹೋದದ್ದು ಅರವತ್ತೈದು ರೂಪಾಯಿ.